ಖಾಲಿ ಬಿಟ್ಟ ಎರಡು ಖೋಲಿ

ಶಹಾಪುರದ ಹತ್ತಿ ಜಿನ್ನಿಂಗ್ ಮಿಲ್ಲಿನ ಆಫೀಸಿನಲ್ಲಿ ಕಂಪ್ಯೂಟರುಗಳ ಉಸಾಬರಿಯೆಲ್ಲ ನನ್ನದೇ. ದೇವಾಪುರದಿಂದ ದಿನಾ ಬಸ್ಸಿಗೆ ಬರುತ್ತೇನೆ. ಬಾಯಿ ಸ್ವಲ್ಪ ಜೋರು, ಕೆಲಸ ಗಟ್ಟಿ ಎಂದು ನನಗೆ ಹೆಸರಿದೆ. ವ್ಯಾಪಾರ ಮೂವರು ಅಣ್ಣತಮ್ಮಂದಿರದು. ದೊಡ್ಡ ಸಾವ್ಕಾರರು ಇಲ್ಲಿ ಜಿನ್ನಿಂಗ್ ನೋಡಿಕೊಂಡರೆ, ನಡುವಿನವರು ಯಾದಗಿರಿಯಲ್ಲಿ ಬೇಳೆ ಮಿಲ್ಲು, ಸಣ್ಣವರು ಸುರಪುರದಲ್ಲಿ ಬೀಜ-ಗೊಬ್ಬರದ ಅಂಗಡಿ ನೋಡಿಕೊಳ್ಳುತ್ತಿದ್ದರು. ಒಂದೊಂದು ವ್ಯಾಪಾರಕ್ಕೆ ಒಂದೊಂದು ಸರ್ವರ್. ಮೂರೂ ನಮ್ಮ ಆಫೀಸಿನ ಹಿಂದಿನ ಖೋಲಿಯಲ್ಲಿ. ಮೂರಕ್ಕೂ ವಯಸ್ಸಾಗಿತ್ತು. ಬೇಸಿಗೆಯಲ್ಲಿ ಏಸಿ ಹಚ್ಚಿದರೂ ಬುಸುಗುಡುತ್ತಿದ್ದವು. ಕೆಲಸ ನೋಡಿದರೆ, ದಿನದ ಬಹುಪಾಲು ಸುಮ್ಮನೆ ಕೂತಿರುತ್ತಿದ್ದವು. ಸುಮ್ಮನೆ ಕೂತವರಿಗೆ ಕರೆಂಟು ತಿನ್ನಿಸುವುದೆಂದರೆ ನನಗೆ ಮೈಯೆಲ್ಲ ಉರಿ.

ಮೂರರ ಬದಲು ಒಂದೇ ಒಳ್ಳೆಯ ಯಂತ್ರ ತಂದರೆ ಮೂರೂ ಸರ್ವರುಗಳನ್ನು ಅದರೊಳಗೇ ಬೇರೆಬೇರೆಯಾಗಿ ಇಡಬಹುದು, ಇದಕ್ಕೆ ವರ್ಚುವಲೈಸೇಶನ್ ಎನ್ನುತ್ತಾರೆ ಎಂದು ದೊಡ್ಡ ಸಾವ್ಕಾರರಿಗೆ ಹೇಳಿದೆ. ಕರೆಂಟು, ರಿಪೇರಿ, ಜಾಗ ಎಲ್ಲ ಉಳಿಯುವುದನ್ನೂ ಹೇಳಿದೆ. ಅವರ ತಲೆಗೆ ಹೊಕ್ಕಿದ್ದು ಒಂದೇ ಮಾತು, ಮೂವರದೂ ಒಂದರಲ್ಲಿ ಇರುತ್ತದೆ ಎನ್ನುವುದು.

"ಅವ್ವ ಹೋದ ಮ್ಯಾಲ ತಮ್ಮಂದಿರು ಇತ್ತ ಮಿಲ್ಲಿನ ಕಡಿ ಬರೋದು ಕಡಿಮಿ ಮಾಡ್ಯಾರ. ಏನರ ಒಂದು ಕೂಡಿ ಇರ್ಲಿ," ಅಂದರು. "ಅಮಾವಾಸಿಗೆ ಬರ್ತಾರ. ನೀನೇ ತಿಳಿಸಿ ಹೇಳವಾ."

ಪ್ರತಿ ಅಮಾವಾಸ್ಯೆಗೆ ತಕ್ಕಡಿ, ಹಣದ ಗಲ್ಲೆ, ಯಂತ್ರಗಳಿಗೆಲ್ಲ ಪೂಜೆ ಮಾಡಿ, ಮೂವರೂ ಒಟ್ಟಿಗೆ ಕೂತು ಉಣ್ಣುವುದು ಅವರಪ್ಪನ ಕಾಲದ ಪದ್ಧತಿ. ಆ ದಿನ ಪೂಜೆ ಮುಗಿದ ಮೇಲೆ ನಾನು ಎದ್ದು ನಿಂತು ಮೆಮೊರಿ, ಪ್ರೊಸೆಸರ್ ಎಂದು ಶುರುಮಾಡಿದೆ. ನಡುವಿನವರು ಆಕಳಿಸಿದರು. ಸಿಟ್ಟು ಬಂತು, ನುಂಗಿಕೊಂಡೆ. ಒಂದು ಹಾಳೆ ತೆಗೆದುಕೊಂಡು ಮೂವರ ಸಂಸಾರವೂ ಇರುವ ಅವರದೇ ಹಳೆಯ ದೊಡ್ಡ ಮನೆ, ವಾಡೆಯ ಚಿತ್ರ ಬರೆದೆ. ಒಂದೇ ಬುನಾದಿ, ಒಂದೇ ಮಾಳಿಗೆ. ಒಳಗೆ ಮೂರು ಖೋಲಿ, ಒಂದೊಂದಕ್ಕೂ ಅದರದೇ ಬಾಗಿಲು, ಅದರದೇ ಕೀಲಿ. ಒಬ್ಬರದು ಇನ್ನೊಬ್ಬರಿಗೆ ಕಾಣುವುದಿಲ್ಲ. ಆದರೂ ಮನೆ ಒಂದೇ ಎಂದೆ.

ಯಾರೂ ಆಕಳಿಸಲಿಲ್ಲ. ಆ ವಾಡೆಯಲ್ಲಿ ಆಗಲೇ ಅಡುಗೆ ಬೇರೆಯಾಗಿ ಮೂರು ಒಲೆ ಹೂಡಿದ್ದಾರೆಂಬ ಸುದ್ದಿ ನನಗೆ ಮುಟ್ಟಿದ್ದು ಆಮೇಲೆ. ಒಂದು ಯಂತ್ರ ಕೆಟ್ಟರೆ ಮೂರೂ ವ್ಯಾಪಾರ ನಿಲ್ಲುತ್ತವಲ್ಲ ಎಂದು ನಡುವಿನವರು ಕೇಳಿದರು. ಸರಿಯಾದ ಪ್ರಶ್ನೆಯೇ. ದಿನಾ ಒಂದು ನಕಲು ಸುರಪುರದ ಅಂಗಡಿಯಲ್ಲಿ ಇಡುತ್ತೇನೆ, ಇಲ್ಲಿ ಕೆಟ್ಟರೆ ಅಲ್ಲಿಂದ ಎಬ್ಬಿಸಬಹುದು ಎಂದೆ. ಆಗ ಸಣ್ಣವರು ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡರು.

"ನಾಳಿ ಯಾರರ ಹೊರಗ ಹೋಗ್ತೀನಿ ಅಂದ್ರ, ತನ್ನ ಖೋಲಿ ತಗೊಂಡು ಹೋಗಾಕ ಬರ್ತದೇನು?"

ಬರುತ್ತದೆ. ಈ ತಂತ್ರದ ದೊಡ್ಡ ಗುಣವೇ ಅದು. ಇಡೀ ಸರ್ವರನ್ನು ಇದ್ದ ಹಾಗೆಯೇ ಎತ್ತಿ ಬೇರೆ ಯಂತ್ರದಲ್ಲಿ ಕೂಡಿಸಬಹುದು. ನಾನು ಹಾಗೇ ಹೇಳಿದೆ. ದೊಡ್ಡ ಸಾವ್ಕಾರರು ಕನ್ನಡಕ ತೆಗೆದು ಧೋತರದ ಸೆರಗಿನಿಂದ ಒರೆಸಿದರು, ಬಹಳ ಹೊತ್ತು ಒರೆಸಿದರು. ತಮ್ಮಂದಿರಿಬ್ಬರೂ ಒಪ್ಪಿಗೆ ಕೊಟ್ಟರು. ನಾನು ಗೆದ್ದೆನೆಂದು ಹಿಗ್ಗಲೂ ಆಗದೆ ಹಾಳೆ ಮಡಚಿಕೊಂಡು ಹೊರಗೆ ಬಂದೆ.

ಹೊಸ ಯಂತ್ರ ಬಂತು. ಮುಂದಿನ ಅಮಾವಾಸ್ಯೆಗೆ ದೊಡ್ಡ ಸಾವ್ಕಾರರು ಅದರ ನೆತ್ತಿಯ ಮೇಲೆ ಮೂರು ಕಡೆ ಕುಂಕುಮ ಹಚ್ಚಿದರು. ಒಂದು ಯಂತ್ರಕ್ಕೆ ಒಂದು ಸಾಲದೇನ್ರಿ ಎಂದು ಕೆಣಕಿದೆ. ಒಳಗ ಮೂರು ಮಂದಿ ಅದಾರಂತ ನೀನೇ ಹೇಳಿದಿಯಲ್ಲ ಎಂದು ನಕ್ಕರು. ತಮ್ಮಂದಿರು ಇನ್ನೂ ಬರುತ್ತಿದ್ದರು. ಊಟಕ್ಕೆ ಮಾತ್ರ ನಿಲ್ಲುತ್ತಿರಲಿಲ್ಲ. ಗಾಡಿ ಹೊರಗೆ ಚಾಲೂ ಇರುತ್ತಿತ್ತು.

ಹೊಸ ಹತ್ತಿ ಬರುವ ಹೊತ್ತಿಗೆ ಅಣ್ಣತಮ್ಮಂದಿರ ಆಸ್ತಿ ಪಾಲಾಯಿತು. ಯಾದಗಿರಿಯದನ್ನೂ ಸುರಪುರದ್ದನ್ನೂ ಬೇರೆ ಮಾಡಿಕೊಡು ಎಂದು ತಮ್ಮಂದಿರು ನನಗೆ ಹೇಳಿದರು. ಒಂದು ಮಧ್ಯಾಹ್ನ ಕೂತು ಎರಡನ್ನೂ ಎತ್ತಿದೆ. ಎರಡೂರಿಗೂ ಹೋಗಿ ಅವರವರ ಹೊಸ ಯಂತ್ರಗಳಲ್ಲಿ ಕೂಡಿಸಿ ಬಂದೆ. ಒಂದು ಬಿಲ್ಲೂ ಆಚೀಚೆ ಆಗಲಿಲ್ಲ. ಅತ್ತ ವಾಡೆಯಲ್ಲಿ ಅವ್ವನ ತಾಮ್ರದ ಹಂಡೆ ಯಾರಿಗೆ ಎಂಬ ಜಗಳದಲ್ಲಿ ಅಣ್ಣತಮ್ಮಂದಿರ ನಡುವೆ ಮಾತೇ ನಿಂತುಹೋಗಿತ್ತು. ಬಸ್ಸಿನಲ್ಲಿ ಕೂತು ಅದನ್ನೇ ನೆನೆದು ಅತ್ತೆ. ಯಾಕವಾ ಎಂದು ಪಕ್ಕದ ಹೆಣ್ಣುಮಗಳು ಕೇಳಿದಳು. ಏನೆಂದು ಹೇಳಲಿ, ಸರ್ವರ್ ಎತ್ತಿದೆ ಎಂದೇ?

ಆಮೇಲಿನ ಅಮಾವಾಸ್ಯೆಗೆ ದೊಡ್ಡ ಸಾವ್ಕಾರರು ಮಧ್ಯಾಹ್ನದವರೆಗೂ ಕಾಯಿ ಒಡೆಯದೆ ಕೂತರು. ಗೇಟಿನಲ್ಲಿ ಗಾಡಿಯ ಸಪ್ಪಳವಾದಾಗೆಲ್ಲ ತಲೆ ಎತ್ತುತ್ತಿದ್ದರು. ಎಲ್ಲವೂ ಹತ್ತಿಯ ಗಾಡಿಗಳೇ. ಕೊನೆಗೆ ತಾವೇ ಕಾಯಿ ಒಡೆದು, ಹಿಂದಿನ ಖೋಲಿಗೆ ಬಂದು ಯಂತ್ರಕ್ಕೆ ಕುಂಕುಮ ಹಚ್ಚಿದರು. ಎಂದಿನಂತೆ ಮೂರು ಕಡೆ.

ನನಗೆ ತಡೆಯಲಾಗಲಿಲ್ಲ. ಅವರ ಮನಸ್ಸು ಬೇರೆ ಕಡೆ ತಿರುಗಿಸಲೆಂದು, ಯಂತ್ರದಲ್ಲಿ ಈಗ ಬಹಳ ಜಾಗ ಉಳಿದಿದೆ, ಗಾಡಿ ತೂಗುವ ವೇಬ್ರಿಜ್ಜಿನ ಕ್ಯಾಮೆರಾಗಳ ವಿಡಿಯೋವನ್ನೆಲ್ಲ ಅಲ್ಲಿಗೇ ಹಾಕುತ್ತೇನೆ, ಸುಮ್ಮನೆ ಖಾಲಿ ಇಡುವುದು ದಂಡ ಎಂದೆ. ಅವರು ಬೆರಳಿನ ಕುಂಕುಮ ಒರೆಸಿಕೊಳ್ಳುತ್ತಾ ನಿಂತರು.

"ಅವೆರಡು ಖೋಲಿ ಹಂಗೇ ಇರ್ಲವಾ. ಯಾರಿಗೂ ಕೊಡಬ್ಯಾಡ."

ಆಗಲ್ರಿ ಎಂದೆ. ಕ್ಯಾಮೆರಾಗಳಿಗೆ ಬೇರೆ ಡಿಸ್ಕ್ ತರಿಸಿದೆ. ಆ ಎರಡು ಖೋಲಿಗಳಲ್ಲಿ ಇವತ್ತಿಗೂ ಏನನ್ನೂ ಇಟ್ಟಿಲ್ಲ.