ಸೋಮಾರಿಯ ಹೆಂಡತಿ

ಸೋಮಾರಿ ಎಂಬ ಹೆಸರು ಒಬ್ಬ ಮನುಷ್ಯನಿಗೆ ಅಂಟಬೇಕಾದರೆ ಒಂದು ಮಧ್ಯಾಹ್ನ ಸಾಕು. ಅದನ್ನು ಕಳಚಿಕೊಳ್ಳಬೇಕಾದರೆ ಡಾಕ್ಟರ ಚೀಟಿ ಬೇಕು, ಚೀಟಿಗೆ ದುಡ್ಡು ಬೇಕು, ದುಡ್ಡಿಗೆ ಕೆಲಸ ಬೇಕು, ಕೆಲಸವನ್ನೋ ಸೋಮಾರಿಗೆ ಯಾರೂ ಕೊಡುವುದಿಲ್ಲ. ಈ ಗಾಣದಲ್ಲಿ ಸಿಕ್ಕಿಕೊಂಡು ಸುತ್ತಿದವಳು ನಮ್ಮ ಕಾಜಾ ಅಕ್ಕ.

ಅಂಗಿಯ ಗುಂಡಿ ತೂರುವ ತೂತಿಗೆ ಸುತ್ತಲೂ ದಾರ ಹಾಕಿ ಹೊಲಿಯುತ್ತಾರಲ್ಲ, ಅದೇ ಕಾಜಾ. ಮೆಷಿನ್ನಿನಲ್ಲೂ ಆಗುತ್ತದೆ, ಆದರೆ ಒಳ್ಳೆ ಅಂಗಿ ತೊಡುವವರಿಗೆ ಕೈಯ ಕಾಜಾವೇ ಆಗಬೇಕು. ಬೀದಿಯ ಟೈಲರ್ ಅಂಗಡಿಗಳಿಂದ ಅಂಗಿಗಳ ಗಂಟು ಬೆಳಿಗ್ಗೆ ಇವಳ ಮನೆಗೆ ಬರುತ್ತಿತ್ತು, ಸಂಜೆ ಹೋಗುತ್ತಿತ್ತು. ಕಿಟಕಿಯ ಬೆಳಕಿಗೆ ಬೆನ್ನು ಕೊಟ್ಟು, ಕಾಲು ಉದ್ದಕ್ಕೆ ಚಾಚಿ ಚಾಪೆಯ ಮೇಲೆ ಕೂತಳೆಂದರೆ ಮಧ್ಯೆ ಎದ್ದೇಳುವುದು ಒಲೆಯ ಮೇಲಿನದನ್ನು ಕೆದಕಲು ಮಾತ್ರ. ಅವಳ ಕಾಲಿನ ಪಕ್ಕದಲ್ಲೇ, ಒಂದು ಮೊಳ ಆಚೆ, ಗಂಡ ಮಲಗಿರುತ್ತಿದ್ದ.

ಹಟ್ಟಾಕಟ್ಟಾ ಗಂಡಸು ಹಗಲು ಹೊತ್ತಿನಲ್ಲಿ ಮಲಗುತ್ತಾನೆಂದು ಮೂಗು ಮುರಿಯಬೇಡಿ. ಅವನು ಬೇಕರಿಯವನು. ರಾತ್ರಿಯೆಲ್ಲ ಹಿಟ್ಟು ನಾದಿ, ಭಟ್ಟಿಯ ಮುಂದೆ ನಿಂತು ಬನ್ನು ಬ್ರೆಡ್ಡು ಸುಟ್ಟು ತೆಗೆದು, ಊರು ಹಲ್ಲುಜ್ಜುವ ಹೊತ್ತಿಗೆ ಮನೆಗೆ ಬರುತ್ತಿದ್ದ. ಇದ್ದದ್ದು ಒಂದೇ ಕೋಣೆ, ಹಿಂದೆ ಮೋಟುಗೋಡೆಯ ಅಡುಗೆಮನೆ. ಅವನ ನಿದ್ದೆ, ಅವಳ ಹೊಲಿಗೆ ಎರಡೂ ಆ ಒಂದೇ ಕೋಣೆಯಲ್ಲಿ ನಡೆಯಬೇಕು.

ಅವನ ಗೊರಕೆಯೋ, ಕೇಳಬಾರದು. ಮೇಲ್ಮನೆಯ ಮೇಷ್ಟ್ರು "ಶುರುವಾಯ್ತಪ್ಪ ಮರ ಕೊಯ್ಯೋ ಮಿಲ್ಲು" ಎಂದು ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ಇಷ್ಟು ಗಡದ್ದಾಗಿ ಮಲಗಿದ ಮನುಷ್ಯ ಏಳುವಾಗ ಮಾತ್ರ ಯಾರೋ ಹಿಡಿದು ಹೊಡೆದು ಬಿಟ್ಟವನ ಹಾಗೆ ಏಳುತ್ತಿದ್ದ. ತುತ್ತು ಕೈಯಲ್ಲಿರುವಾಗಲೇ ತೂಕಡಿಸುತ್ತಿದ್ದ. ಕ್ಷೌರದ ಕುರ್ಚಿಯಲ್ಲಿ ಕೂತರೆ ಕ್ಷೌರದವನು ಒಂದು ಕೈಯಲ್ಲಿ ತಲೆ ಎತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಕತ್ತರಿ ಆಡಿಸಬೇಕಿತ್ತು. ಬೇಕರಿಯಲ್ಲಿ ಅವನಿಗೆ ನಿದ್ದೆಗಣ್ಣ ಎಂದೇ ಹೆಸರು ಬಿತ್ತು. ಅವನೂ ನಕ್ಕುಕೊಂಡು ಆ ಹೆಸರಿಗೆ ಓಗೊಡುತ್ತಿದ್ದ. ಬೇರೆ ಏನು ಮಾಡಲಿಕ್ಕಿತ್ತು?

ಹಿಟ್ಟಿನ ವಿಷಯಕ್ಕೆ ಬಂದರೆ ಮಾತ್ರ ಅವನ ಮುಂದೆ ಯಾರೂ ಬಾಲ ಬಿಚ್ಚುತ್ತಿರಲಿಲ್ಲ. ಎರಡು ಬೆರಳಿನಿಂದ ಒತ್ತಿ ನೋಡಿ, "ಇನ್ನೂ ಹುದುಗು ಬರ್ಬೇಕು, ಅವಸರ ಮಾಡ್ಬೇಡಿ" ಎನ್ನುತ್ತಿದ್ದ. ಅವಸರ ಮಾಡಿದವರ ಬ್ರೆಡ್ಡು ಇಟ್ಟಿಗೆಯಾಗುತ್ತಿತ್ತು.

ಒಂದು ರಾತ್ರಿ ಅವನು ಭಟ್ಟಿಯ ಮುಂದೆ ನಿಂತಲ್ಲೇ ನಿದ್ದೆ ಹೋದ. ಒಳಗಿದ್ದ ಬನ್ನೆಲ್ಲ ಇದ್ದಿಲಾಯಿತು. ಮುಂದಕ್ಕೆ ವಾಲಿ ಮೊಣಕೈಯ ಕೆಳಗೆ ಭಟ್ಟಿಯ ಕಬ್ಬಿಣದ ಬಾಗಿಲು ತಗುಲಿ ಚರ್ಮ ಸುಲಿದುಬಂತು. ಬೇಕರಿಯ ಯಜಮಾನ ಬಂದವನೇ ಮೊದಲು ನೋಡಿದ್ದು ಭಟ್ಟಿಯ ಒಳಗೆ.

"ನಿನ್ ಕೈ ಇನ್ನೆಂಟು ದಿನಕ್ಕೆ ವಾಸಿಯಾಗತ್ತೆ. ನನ್ ಬನ್ ಯಾವಾಗಯ್ಯಾ ವಾಸಿಯಾಗೋದು?" ಎಂದ. "ಕಾಯಿಲೆ ಗೀಯಿಲೆ ಇದ್ರೆ ಡಾಕ್ಟರ್ ಹತ್ರ ಬರೆಸ್ಕೊಂಡು ಬಾ. ಅಲ್ಲೀವರ್ಗೂ ಈ ಕಡೆ ತಲೆ ಹಾಕ್ಬೇಡ. ಸೋಮಾರಿಗಳನ್ನ ಸಾಕೋಕೆ ಇದೇನು ಛತ್ರ ಅಲ್ಲ."

ಕೈಗೆ ಪಟ್ಟಿ ಕಟ್ಟಿಸಲು ಹೋದಾಗಲೇ ಡಾಕ್ಟರಿಗೆ ಸಂಶಯ ಬಂತು. ಸರದಿಗೆ ಕಾಯುತ್ತ ಬೆಂಚಿನ ಮೇಲೆ ಕೂತ ರೋಗಿ ಗೊರಕೆ ಹೊಡೆದದ್ದು ಅವರಿಗೆ ಬಾಗಿಲಾಚೆ ಕೇಳಿಸಿತ್ತು. ಬಾಯಿ ತೆರೆಸಿ ಟಾರ್ಚು ಬಿಟ್ಟು ನೋಡಿ, "ಇದಕ್ಕೆ ಸ್ಲೀಪ್ ಆಪ್ನಿಯಾ ಅಂತಾರೆ. ಮಲಗಿದಾಗ ಗಂಟಲು ಮುಚ್ಚಿಕೊಂಡು ಉಸಿರು ನಿಲ್ಲತ್ತೆ. ಉಸಿರಿಗೋಸ್ಕರ ಮೆದುಳು ಎಬ್ಬಿಸತ್ತೆ. ಮತ್ತೆ ಮಲಗಿದ್ರೆ ಮತ್ತೆ ನಿಲ್ಲತ್ತೆ. ಇವರು ಮಲಗಿರ್ತಾರೆ ಅಷ್ಟೇ, ನಿದ್ದೆ ಮಾಡ್ತಿರಲ್ಲ. ಪರೀಕ್ಷೆ ಆಗ್ಬೇಕು," ಎಂದರು.

ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಿಸಿ ಮಾಡುವ ಪರೀಕ್ಷೆಗೆ ಎಷ್ಟಾಗುತ್ತದೆಂದು ಕೇಳಿದ ಮೇಲೆ ಗಂಡಹೆಂಡತಿ ಮುಖಮುಖ ನೋಡಿಕೊಂಡರು. "ಅಷ್ಟು ದುಡ್ಡು ಕೊಟ್ಟು ಮಲಗಿದ್ರೆ ನನಗೆ ನಿದ್ದೆ ಬರಲ್ಲ ಡಾಕ್ಟ್ರೇ," ಎಂದ ಅವನು. ಡಾಕ್ಟರು ನಕ್ಕು, ಮನೆಗೇ ಒಂದು ಪೆಟ್ಟಿಗೆ ತಂದು ಕಟ್ಟುವ ಅಗ್ಗದ ಪರೀಕ್ಷೆಯೂ ಇದೆ, ಹಗಲು ಮಲಗುವವರಿಗೆ ಹಗಲೇ ಮಾಡಬಹುದು ಎಂದರು. ಅಗ್ಗ ಡಾಕ್ಟರ ಪಾಲಿಗೆ. ಕಾಜಾ ಅಕ್ಕ ಟೈಲರುಗಳ ಹತ್ತಿರ ಮುಂಗಡ ಕೇಳಿ, ಹಲ್ಲು ಗಿಂಜಿ, ಅಷ್ಟನ್ನು ಹೊಂದಿಸಿದಳು.

ಪೆಟ್ಟಿಗೆ ತಂದದ್ದು ಲ್ಯಾಬಿನ ಹೆಂಗಸು. ಎದೆಗೆ ಪಟ್ಟಿ ಬಿಗಿದು, ಮೂಗಿಗೆ ಸಣ್ಣ ನಳಿಗೆ ಸಿಕ್ಕಿಸಿ, ಬೆರಳಿಗೆ ಕ್ಲಿಪ್ಪು ಹಾಕಿ ಅವನನ್ನು ಮಲಗಿಸಿದಳು. ಹೊರಡುವಾಗ ಕಾಜಾ ಅಕ್ಕನಿಗೆ ಒತ್ತಿ ಹೇಳಿದಳು: "ದಿನಾ ಹೇಗೆ ಮಲಗ್ತಾರೋ ಇವತ್ತೂ ಹಾಗೇ ಮಲಗ್ಲಿ. ಮನೇಲಿ ಏನೂ ಬದಲಾಯಿಸ್ಬೇಡಿ."

ಕಾಜಾ ಅಕ್ಕ ಏನೂ ಬದಲಾಯಿಸಲಿಲ್ಲ. ಅಂಗಿಗಳ ಗಂಟು ಬಿಚ್ಚಿ, ಕಿಟಕಿಗೆ ಬೆನ್ನು ಕೊಟ್ಟು, ಕಾಲು ಚಾಚಿ ಕೂತಳು.

ವರದಿ ಬಂತು. ಗಂಟೆಗೆ ಏಳೆಂಟು ಸಲ ಮಾತ್ರ ಉಸಿರು ನಿಂತಿದೆ, ಅಲ್ಪ ಪ್ರಮಾಣ. ಡಾಕ್ಟರು ಕಾಗದವನ್ನೂ ರೋಗಿಯನ್ನೂ ಮತ್ತೆ ಮತ್ತೆ ನೋಡಿ, "ನಾನು ಜಾಸ್ತಿ ಇರ್ಬಹುದು ಅಂದ್ಕೊಂಡಿದ್ದೆ. ಸ್ವಲ್ಪ ತೂಕ ಇಳಿಸಿ, ಮಗ್ಗುಲಾಗಿ ಮಲಗಿ," ಎಂದು ಕಳಿಸಿದರು. ಬೇಕರಿಯ ಯಜಮಾನ ಅದನ್ನೇ ಓದಿ, "ಇಷ್ಟು ನನಗೂ ಇದ್ದೀತು ಮಾರಾಯ. ನಾನು ನಿಂತಲ್ಲಿ ಮಲಗ್ತೀನಾ?" ಎಂದು ಕಾಗದ ವಾಪಸು ಕೊಟ್ಟ. ಭಟ್ಟಿಗೆ ಆಗಲೇ ಬೇರೆಯವನನ್ನು ನಿಲ್ಲಿಸಿಯಾಗಿತ್ತು.

ಅವತ್ತು ಮನೆಗೆ ಬಂದು ಅವನು ಗೋಡೆಗೊರಗಿ ಕೂತ. "ಬಿಡು. ಪೆಟ್ಟಿಗೇನೂ ಅದನ್ನೇ ಹೇಳ್ತು. ನಾನು ಸೋಮಾರೀನೇ ಇರ್ಬೇಕು," ಎಂದ. ಅವಳು ಸಮಾಧಾನದ ಮಾತು ಆಡಬೇಕಿತ್ತು. ಆದರೆ ಮುಂಗಡ ತಂದವಳು ಅವಳು, ಆ ಮುಂಗಡ ತೀರಿಸಲು ಕಣ್ಣು ಬಸಿಯಬೇಕಾದವಳೂ ಅವಳೇ. "ಹೌದ್ರೀ, ಇಷ್ಟು ಖರ್ಚು ಮಾಡಿ ಸೋಮಾರಿ ಅಂತ ಸರ್ಟಿಫಿಕೇಟ್ ತಂದಂಗಾಯ್ತು. ಅದನ್ನ ನಾನು ಬಿಟ್ಟಿಯಾಗೇ ಬರ್ಕೊಡ್ತಿದ್ದೆ," ಎಂದುಬಿಟ್ಟಳು. ಅವನು ಆ ಮಾತಿಗೂ ನಕ್ಕ. ಆ ನಗು ನೋಡಲು ಚೆನ್ನಾಗಿರಲಿಲ್ಲ.

ಕೆಲಸ ಹೋದರೂ ಹಗಲು ಮಲಗುವ ಅಭ್ಯಾಸ ಹೋಗಲಿಲ್ಲ. ಒಂದು ಮಧ್ಯಾಹ್ನ ಅವಳು ಸೂಜಿಯ ಕಣ್ಣಿಗೆ ದಾರ ಪೋಣಿಸುತ್ತಿದ್ದಳು. ಪಕ್ಕದಲ್ಲಿ ಗೊರಕೆ ನಿಂತಿತು. ಅವಳ ಕಣ್ಣು ಸೂಜಿಯ ಮೇಲೇ ಇತ್ತು, ಮನಸ್ಸು ದಾರದ ತುದಿಯಲ್ಲಿತ್ತು. ಕಾಲು ಮಾತ್ರ ತಾನಾಗಿ ಹೋಗಿ ಗಂಡನ ಮೀನಖಂಡಕ್ಕೆ ಒಂದು ತಿವಿತ ಕೊಟ್ಟು ವಾಪಸು ಬಂತು. ಅವನು ಗಕ್ಕನೆ ಉಸಿರೆಳೆದ. ಗೊರಕೆ ಮತ್ತೆ ಶುರುವಾಯಿತು.

ಅವಳು ತನ್ನ ಕಾಲನ್ನು ಯಾರದೋ ಕಾಲಿನ ಹಾಗೆ ನೋಡಿದಳು. ದಾರ ಪೋಣಿಸದೆ ಹಾಗೇ ಕೂತು ಕಾದಳು. ಗೊರಕೆ ನಿಂತಿತು, ಕಾಲು ಹೋಯಿತು. ಮತ್ತೆ ನಿಂತಿತು, ಮತ್ತೆ ಹೋಯಿತು.

ಮದುವೆಯಾದ ಹೊಸದರಲ್ಲಿ ಪಕ್ಕದಲ್ಲಿ ಮಲಗಿದ ಗಂಡನ ಉಸಿರು ನಿಂತಾಗ ಅವಳು ಹೆದರಿ ಎದ್ದು ಭುಜ ಹಿಡಿದು ಅಲುಗಾಡಿಸುತ್ತಿದ್ದಳು. ಆಮೇಲೆ ಕಾಜಾದ ಕೆಲಸ ಹಿಡಿದಳು, ಕೈಗೆ ಬಿಡುವಿಲ್ಲದಾಯಿತು, ಆ ಕೆಲಸ ಕಾಲಿಗೆ ಬಿತ್ತು. ಬರಬರುತ್ತ ಕಾಲು ಅವಳನ್ನು ಕೇಳುವುದನ್ನೇ ಬಿಟ್ಟಿತು. ಪೆಟ್ಟಿಗೆ ಕಟ್ಟಿದ ದಿನವೂ ಅದು ಬೆಳಿಗ್ಗೆಯಿಂದ ಸಂಜೆಯವರೆಗೆ ತನ್ನ ಕೆಲಸ ತಾನು ಮಾಡಿತ್ತು. ಅವಳಿಗೆ ಅಳು ಬಂತು, ಅದರ ಹಿಂದೆಯೇ ತಲೆ ಚಚ್ಚಿಕೊಳ್ಳುವಷ್ಟು ಸಿಟ್ಟು ಬಂತು.

ಅಂಗಿಗಳನ್ನು ಹಾಗೇ ಬಿಟ್ಟು ಲ್ಯಾಬಿಗೆ ಹೋದಳು.

"ಮೇಡಂ, ಉಸಿರು ಎಷ್ಟು ಹೊತ್ತು ನಿಂತ್ರೆ ನಿಮ್ ಪೆಟ್ಟಿಗೆ ಅದನ್ನ ಲೆಕ್ಕಕ್ಕೆ ತಗೊಳ್ಳತ್ತೆ?"

"ಹತ್ತು ಸೆಕೆಂಡು. ಯಾಕಮ್ಮ?"

"ಅದಕ್ಕೆ ಮುಂಚೇನೇ ಯಾರಾದ್ರೂ ಒದ್ರೆ?"

ಲ್ಯಾಬಿನ ಹೆಂಗಸಿಗೆ ನಗು ಬಂತು. "ಮಲಗಿರೋರನ್ನ ಯಾರಮ್ಮ ಒದೀತಾರೆ?"

"ನಾನೇ," ಎಂದಳು ಕಾಜಾ ಅಕ್ಕ, ನೆಲ ನೋಡುತ್ತ. ಗಂಡನನ್ನು ದಿನವೂ ಒದೆಯುತ್ತೇನೆ ಎಂದು ಪರರ ಮುಂದೆ ಹೇಳುವುದಕ್ಕೆ ಎಷ್ಟು ಗುಂಡಿಗೆ ಬೇಕೋ ಅಷ್ಟೂ ಅವಳಿಗೆ ಅಲ್ಲಿ ಖರ್ಚಾಯಿತು. ಎಲ್ಲ ಕೇಳಿದ ಮೇಲೆ ಆ ಹೆಂಗಸಿನ ನಗು ನಿಂತಿತು. ಒಳ್ಳೆಯವಳು, ಅದನ್ನು ಹೇಳಲೇಬೇಕು. ಭಾನುವಾರ ಪೆಟ್ಟಿಗೆ ಸುಮ್ಮನೆ ಇರುತ್ತದೆ, ಮೂಗಿನ ನಳಿಗೆಯ ಕಾಸು ಕೊಟ್ಟರೆ ಸಾಕು, ಇನ್ನೊಮ್ಮೆ ಕಟ್ಟೋಣ ಎಂದಳು. "ಆದ್ರೆ ನೀವು ಆ ರೂಮಲ್ಲಿ ಇರೋಹಾಗಿಲ್ಲ."

ಭಾನುವಾರ ಕಾಜಾ ಅಕ್ಕ ಮನೆಯ ಹೊರಗೆ ಮಹಡಿಯ ಮೆಟ್ಟಿಲ ಮೇಲೆ ಕೂತಳು. ಮಡಿಲಲ್ಲಿ ಅಂಗಿ ಇತ್ತು, ಒಂದು ಕಾಜಾವೂ ಮುಗಿಯಲಿಲ್ಲ. ಬಾಗಿಲಾಚೆ ಗೊರಕೆ ನಿಂತಿತು. ಅವಳ ಕಾಲು ಮೆಟ್ಟಿಲಿಗೆ ಬಡಿಯಿತು. ಒಳಗೆ ಸದ್ದಿಲ್ಲ. ಇನ್ನೂ ಸದ್ದಿಲ್ಲ. ಅವಳು ದಡಕ್ಕನೆ ಎದ್ದಳು. ಬಟ್ಟೆ ಒಣಹಾಕಲು ಇಳಿದು ಬಂದಿದ್ದ ಮೇಲ್ಮನೆಯ ಮೇಷ್ಟ್ರ ಹೆಂಡತಿ ಅವಳ ರಟ್ಟೆ ಹಿಡಿದು ಕೂರಿಸಿದಳು.

"ಸತ್ತೇ ಹೋದ್ರೆ ಏನ್ ಮಾಡ್ಲಿ ಅಕ್ಕಾ?"

"ಸಾಯಲ್ಲ, ಕೂತ್ಕೊಳೇ. ಸಾಯೋ ಹಾಗಿದ್ರೆ ನೀನು ತರಕಾರಿಗೆ ಹೋದ ದಿನಾನೇ ಸಾಯ್ತಿದ್ರು."

ಒಳಗಿನಿಂದ ನೀರಿನಲ್ಲಿ ಮುಳುಗಿದವನು ಮೇಲೆ ಬಂದಂತೆ ಉಸಿರೆಳೆದ ಸದ್ದು ಬಂತು. ಆಮೇಲೆ ಮತ್ತೆ ಮೌನ. ಇಡೀ ಹಗಲು ಹೀಗೇ ನಡೆಯಿತು. ಉಸಿರು ಬೇಗ ಬರಲಿ ಎಂದು ಒಂದು ಮನಸ್ಸು ಬೇಡಿಕೊಂಡರೆ, ಪೆಟ್ಟಿಗೆ ಬರೆದುಕೊಳ್ಳುವವರೆಗೆ ಸ್ವಲ್ಪ ತಡಿ ಎಂದು ಇನ್ನೊಂದು ಮನಸ್ಸು ಬೇಡಿಕೊಳ್ಳುತ್ತಿತ್ತು. ಗಂಡನ ಉಸಿರು ಇನ್ನೊಂದು ಗಳಿಗೆ ನಿಲ್ಲಲಿ ಎಂಬ ಆಸೆ ಯಾವ ಹೆಂಡತಿಗೂ ಬರಬಾರದು. ದುಡ್ಡಿದ್ದವರಿಗೆ ಅದು ಬರುವುದೂ ಇಲ್ಲ. ಅವರು ಆಸ್ಪತ್ರೆಯಲ್ಲಿ ಮಲಗುತ್ತಾರೆ, ಹೆಂಡತಿಯರು ಮನೆಯಲ್ಲಿ ಮಲಗುತ್ತಾರೆ.

ಈ ಸಲದ ವರದಿಯಲ್ಲಿ ಗಂಟೆಗೆ ಐವತ್ತಕ್ಕೂ ಹೆಚ್ಚು ಸಲ ಎಂದಿತ್ತು. ತೀವ್ರ. ಡಾಕ್ಟರು ಎರಡು ಕಾಗದಗಳನ್ನೂ ಅಕ್ಕಪಕ್ಕ ಇಟ್ಟು, ಕಾಲಿನ ಕಥೆ ಕೇಳಿಸಿಕೊಂಡು, "ಮಲಗುವಾಗ ಮೂಗಿಗೆ ಗಾಳಿ ಊದಿ ಗಂಟಲು ತೆರೆದಿಡೋ ಮೆಷಿನ್ ಹಾಕ್ಕೋಬೇಕು. ಇಷ್ಟು ವರ್ಷ ಇವರಿಗೆ ಆ ಮೆಷಿನ್ನು ನೀವೇ ಆಗಿದ್ರಿ ಕಣಮ್ಮ," ಎಂದರು. ಕಾಜಾ ಅಕ್ಕನಿಗೆ ಆ ಹೊಗಳಿಕೆ ಬೇಕಿರಲಿಲ್ಲ. ತೀವ್ರ ಎಂಬ ಪದವನ್ನು ಡಾಕ್ಟರಿಂದ ಇನ್ನೊಮ್ಮೆ ಹೇಳಿಸಿಕೊಂಡು, ಗಂಡನ ಕೈ ಹಿಡಿದು ನೇರ ಬೇಕರಿಗೆ ನಡೆದಳು. ಗಂಡನಿಗೆ ದೊಡ್ಡ ಕಾಯಿಲೆ ಎಂದು ಹಿಗ್ಗುತ್ತ ಹೋದವಳನ್ನು ಆ ಬೀದಿ ಅವತ್ತೇ ಮೊದಲು ನೋಡಿದ್ದು.

ಯಜಮಾನ ಓದಿದ. ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಎಳೆದುಕೊಂಡ.

"ಅಯ್ಯಯ್ಯೋ, ಇಂಥ ಕಾಯಿಲೆ ಇರೋನನ್ನ ಬೆಂಕಿ ಮುಂದೆ ನಿಲ್ಲಿಸಿ ನಾನು ಜೈಲಿಗೆ ಹೋಗ್ಲಾ?"

"ಕಾಯಿಲೆ ಇದ್ರೆ ಬರೆಸ್ಕೊಂಡು ಬಾ ಅಂದೋರು ನೀವೇ ಅಲ್ವಾ ಯಜಮಾನ್ರೇ?" ಎಂದಳು ಅವಳು.

"ಬರೆಸ್ಕೊಂಡು ಬಾ ಅಂದೆ ತಾಯಿ. ಬಂದ್ರೆ ಇಟ್ಕೋತೀನಿ ಅಂದಿದ್ನಾ?"

"ಮೆಷಿನ್ ಹಾಕ್ಕೊಂಡ್ರೆ ಸರಿಹೋಗತ್ತೆ ಅಂದಿದಾರೆ ಡಾಕ್ಟ್ರು."

"ಸರಿಹೋಗ್ಲಿ, ಸಂತೋಷ. ಬೇಕಿದ್ರೆ ಹಗಲು ಹೊತ್ತು ಮುಂದಿನ ಅಂಗಡೀಲಿ ಬ್ರೆಡ್ಡಿಗೆ ಕವರ್ ಹಾಕ್ಲಿ. ಸಂಬಳ ಆ ಕೆಲಸಕ್ಕೆ ಎಷ್ಟೋ ಅಷ್ಟು."

ಮೊದಲ ಕಾಗದ ಅವನನ್ನು ಸೋಮಾರಿ ಮಾಡಿ ಕಳಿಸಿತು, ಎರಡನೆಯದು ಅಪಾಯಕಾರಿ ಮಾಡಿ ಕಳಿಸಿತು. ಕಾಗದ ಯಾವುದಾದರೇನು, ಬಾಗಿಲು ಮುಚ್ಚುವವನಿಗೆ ಒಂದು ನೆಪ ಬೇಕು. ನಿದ್ದೆಗಣ್ಣ ಮಾರನೆಯ ದಿನದಿಂದ ಬ್ರೆಡ್ಡಿಗೆ ಕವರು ಹಾಕಲು ಹೋದ. ಹಿಟ್ಟಿನ ಕೋಣೆ ಇದ್ದದ್ದು ಅವನು ಕೂರುವ ಗೋಡೆಯ ಹಿಂದೆಯೇ. ಕೆಲವು ದಿನ ಬ್ರೆಡ್ಡನ್ನು ಮುಟ್ಟಿದ ಕೂಡಲೇ ಹುದುಗು ಸಾಲದೆಂದು ಅವನ ಬೆರಳಿಗೆ ಗೊತ್ತಾಗುತ್ತಿತ್ತು. ಕವರು ಹಾಕಿ ಪಕ್ಕಕ್ಕಿಡುತ್ತಿದ್ದ.

ಗಾಳಿ ಊದುವ ಮೆಷಿನ್ನು ಹೊಸದು ಕೊಳ್ಳುವ ಮಾತೇ ಇರಲಿಲ್ಲ. ತೀರಿಹೋದ ಒಬ್ಬ ಮುದುಕರದು ಇದೆ, ಮಗಳು ಕಂತಿಗೆ ಕೊಡುತ್ತಾಳೆ ಎಂದು ಲ್ಯಾಬಿನ ಹೆಂಗಸೇ ಹೇಳಿದಳು. ಡಾಕ್ಟರು ಅದನ್ನು ನೋಡಿ, ಇವನಿಗೆ ಬೇಕಾದಷ್ಟಕ್ಕೆ ಗಾಳಿ ಹೊಂದಿಸಿಕೊಟ್ಟರು. ಮೂಗಿನ ಮಾಸ್ಕನ್ನು ಹೊಸದಾಗಿಯೇ ಕೊಂಡರು, ಅಳತೆ ದೊಡ್ಡದಿತ್ತು, ಅಗ್ಗಕ್ಕೆ ಸಿಕ್ಕಿದ್ದು ಅದೊಂದೇ. ಕಾಜಾ ಅಕ್ಕ ಅದರ ಪಟ್ಟಿಯನ್ನು ಬಿಚ್ಚಿ, ಮಡಿಸಿ, ಅವನ ತಲೆಗೆ ಸರಿಯಾಗಿ ಕೂರುವ ಹಾಗೆ ಹೊಲಿದುಕೊಟ್ಟಳು.

ಮೊದಲ ರಾತ್ರಿಗಳಲ್ಲಿ ಅವನು ಮಾಸ್ಕು ಕಿತ್ತೆಸೆದ. ಮೂಗು ಒಣಗುತ್ತದೆ, ಎದೆ ಉಬ್ಬುತ್ತದೆ ಎಂದು ಬೈದ. ಅವಳು ಮತ್ತೆ ಮತ್ತೆ ಹಾಕಿದಳು. ವಾರ ಕಳೆಯುವ ಹೊತ್ತಿಗೆ ಗೊರಕೆ ನಿಂತಿತು, ಉಸಿರು ನಿಲ್ಲುವುದೂ ನಿಂತಿತು. ಮೇಲ್ಮನೆಯ ಮೇಷ್ಟ್ರು "ಊರಿಗೆ ಹೋಗಿದಾರೇನಮ್ಮ ನಿಮ್ಮವರು?" ಎಂದು ವಿಚಾರಿಸಿದರು.

ಒಂದು ಬೆಳಿಗ್ಗೆ ಅವಳು ಏಳುವ ಮೊದಲೇ ಅವನು ಎದ್ದು ಕೂತಿದ್ದ. ಮಾಸ್ಕು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಿದ್ದ. ಕಣ್ಣು ತಿಳಿಯಾಗಿತ್ತು. ಮದುವೆಯಾದಾಗಿನಿಂದ ಅವಳು ಆ ಕಣ್ಣು ನೋಡಿರಲಿಲ್ಲ.

"ಏ, ಒಂದು ಕೇಳ್ತೀನಿ. ಎಲ್ರೂ ಹೀಗೇನಾ ಏಳೋದು?"

"ಹೀಗೆ ಅಂದ್ರೆ?"

"ಹೀಗೆ. ಮೈಯೆಲ್ಲ ಹಗುರಾಗಿ. ದಿನಾ ಹೀಗೇ ಏಳ್ತೀರಾ ನೀವೆಲ್ಲ?"

"ಹೂಂ ರೀ," ಎಂದಳು ಅವಳು.

ಅವನು ಮಾಸ್ಕಿನ ಪಟ್ಟಿಯ ಹೊಲಿಗೆಯ ಮೇಲೆ ಬೆರಳಾಡಿಸಿದ. ದನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ತಾಳೆಯಾಗದವನ ಹಾಗೆ ಕೇಳಿದ.

"ಬೇಕರಿಯೋರು ಅಂದ್ರು, ಯಜಮಾನ ಅಂದ, ಬಿಡು. ಅವರಿಗೇನು ಗೊತ್ತು. ನನ್ ಉಸಿರು ನಿಂತಿದ್ದು ಪ್ರತಿ ಸಲಾನೂ ನಿನಗೆ ಗೊತ್ತಿತ್ತಲ್ಲೇ. ಆದ್ರೂ ನೀನೂ ನನ್ನನ್ನ ಸೋಮಾರಿ ಅಂದ್ಯಲ್ಲ, ಯಾಕೆ?"

ಅವಳು ಬಾಯಿ ತೆರೆದಳು. ಕಾಲಿಗೆ ಗೊತ್ತಿತ್ತು ರೀ, ನನಗೆ ಗೊತ್ತಿರಲಿಲ್ಲ ಎನ್ನಬೇಕೆಂದುಕೊಂಡಳು. ಅದು ತನಗೇ ಸುಳ್ಳಿನ ಹಾಗೆ ಕೇಳಿಸಿತು. ಅವನು ಉತ್ತರಕ್ಕೆ ಕಾದ. ಆಮೇಲೆ ಎದ್ದು ಮುಖ ತೊಳೆದು, ಅಂಗಿ ತೊಟ್ಟು, ಬ್ರೆಡ್ಡಿಗೆ ಕವರು ಹಾಕಲು ಹೊರಟ.