ಕಪ್ಪೆಗೆ ಕ್ಯಾಮೆರಾ, ಇಲಿಗೆ ಇಮೆಲ್ಡಾ

ಮಣಿಪಾಲದಲ್ಲಿ ಬೆಳಕು ಹರಿಯುವ ಹೊತ್ತು. ಸಂಶೋಧನಾ ಕೇಂದ್ರವೊಂದರ ಹಿಂಬದಿಯ ಕೋಣೆಯ ಬಾಗಿಲು ತೆರೆದರೆ ಮೊದಲು ಉರಿಯುವುದು ಕಣ್ಣು. ಇಮೆಲ್ಡಾ ಸೆರಗಿನಿಂದ ಕಣ್ಣೊರೆಸಿಕೊಂಡು, ಇಲಿಗೂಡುಗಳ ಒದ್ದೆ ಭತ್ತದ ಹೊಟ್ಟನ್ನು ಗೋಣಿಗೆ ಸುರಿಯುತ್ತಾರೆ. ತಾಯಿ ಇಲಿಯೊಂದು ಮರಿಗಳಿಗೆ ಹಾಲೂಡಿಸುತ್ತಿದೆ. ಆ ಗೂಡನ್ನು ಮುಟ್ಟುವುದಿಲ್ಲ. "ಬಾಣಂತಿ ಅಲ್ವಾ, ಮತ್ತೆ ಮಾಡಿದರಾಯಿತು."

ಕೆಮ್ಮಣ್ಣು ಎಂಬ ಊರಿನಿಂದ ಮೊದಲ ಬಸ್ಸಿಗೆ ಬರುವ ಇವರು ಗಂಡ ತೀರಿಕೊಂಡ ವರ್ಷ ಈ ಕೆಲಸಕ್ಕೆ ಸೇರಿದವರು. ದಿನಕ್ಕೆ ಅರುವತ್ತು ಗೂಡು. ಸಂಜೆಯ ಬಸ್ಸಿನಲ್ಲಿ ಸೀರೆಗೆ ಹತ್ತಿದ ವಾಸನೆಗೆ ಪಕ್ಕದವರು ಎದ್ದು ಬೇರೆ ಸೀಟಿಗೆ ಹೋಗುವುದೂ ಅಭ್ಯಾಸವಾಗಿದೆ.

ಅಭ್ಯಾಸವಾಗದೆ ಇರುವುದು ಎದುರಿನ ಕೋಣೆ. ಅಲ್ಲಿ ಕಾರ್ಕಳದ ಹರ್ಷಿಣಿ ಕಪ್ಪೆ ಸಾಕುತ್ತಾಳೆ. ಗಾಜಿನ ತೊಟ್ಟಿ, ತಿಳಿನೀರು, ವಾಸನೆಯ ಸುಳಿವಿಲ್ಲ. ಬಂದ ಅತಿಥಿಗಳೆಲ್ಲ ಅತ್ತಲೇ. ಅದನ್ನು ಕಂಡಾಗಲೆಲ್ಲ ಇಮೆಲ್ಡಾ ಅವರ ಹೊಟ್ಟೆಯಲ್ಲಿ ಬೆಂಕಿ. "ನನ್ನ ಇಲಿಗಳು ಎಂತ ಪಾಪ ಮಾಡಿದ್ದು?"

ಇಲಿಕೋಣೆಯಲ್ಲಿ ಮಾತ್ರ ವಾಸನೆ ಯಾಕೆಂದು ಕೇಳಿದರೆ ಹರ್ಷಿಣಿ ಪಾಠವನ್ನೇ ಮಾಡುತ್ತಾಳೆ. "ಇಲಿ, ದನ, ನಾವು ಎಲ್ಲ ಮೈಯ ಸಾರಜನಕದ ಕಸವನ್ನು ಯೂರಿಯಾ ಮಾಡಿ ಮೂತ್ರದಲ್ಲಿ ಬಿಡುವುದು ಇಮೆಲ್ಡಕ್ಕ. ಅದು ಹೊಟ್ಟಿನಲ್ಲಿ ಕೂತು ಅಮೋನಿಯಾ ಆಗಿ ಕಣ್ಣಿಗೆ ಹೊಡೆಯುವುದು. ಗೊದಮೊಟ್ಟೆ ಹಾಗಲ್ಲ, ಅಮೋನಿಯಾವನ್ನೇ ನೇರ ನೀರಿಗೆ ಬಿಡುತ್ತದೆ. ಕಾಲು ಬಂದು ದಡ ಹತ್ತಿದ ಮೇಲೆ ಕಪ್ಪೆಯದ್ದೂ ಯೂರಿಯಾವೇ."

ಕಳೆದ ಮಳೆಗಾಲ ಹರ್ಷಿಣಿ ಜ್ವರದಿಂದ ಮಲಗಿದಳು. ಬದಲಿಗೆ ಬಂದವನು, ನೀರು ತಿಳಿಯಾಗಿಯೇ ಇದೆಯಲ್ಲ ಎಂದು ತೊಟ್ಟಿ ಮುಟ್ಟಲಿಲ್ಲ. ಒಂದು ಬೆಳಿಗ್ಗೆ ಇಮೆಲ್ಡಾ ಇಣುಕಿದರೆ ಗೊದಮೊಟ್ಟೆಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿವೆ.

"ಸಾಯಲಿ, ನನ್ನ ಕೋಣೆಯಾ ಅಂತ ಬಂತು ಮನಸ್ಸಿಗೆ. ಸುಳ್ಳು ಯಾಕೆ ಹೇಳಲಿ?" ಎನ್ನುತ್ತಾರೆ.

ಬಾಗಿಲವರೆಗೆ ಹೋದವರು ತಿರುಗಿ ಬಂದರು. ಅವುಗಳ ಕಸವೇ ಅವುಗಳಿಗೆ ವಿಷವಾಗಿದೆ ಎಂಬುದು ಹರ್ಷಿಣಿಯ ಪಾಠದಿಂದಲೇ ಹೊಳೆದಿತ್ತು. ಅವಳು ಬಕೆಟಿನಲ್ಲಿ ತುಂಬಿಟ್ಟಿದ್ದ ನೀರಿನಿಂದ ಅರ್ಧ ತೊಟ್ಟಿ ಬದಲಿಸಿ, ಯಾರಿಗೂ ಹೇಳದೆ ಇಲಿಗಳ ಬಳಿಗೆ ಹೋದರು.

ಗೊದಮೊಟ್ಟೆಗಳಿಗೆ ಕಾಲು ಮೂಡಿತು. ಅಂಗೈಯಲ್ಲಿ ಕಪ್ಪೆ ಹಿಡಿದ ಹರ್ಷಿಣಿಯ ಫೋಟೋ ಕೇಂದ್ರದ ಕ್ಯಾಲೆಂಡರಿನಲ್ಲಿ ಬಂತು. ಎಲ್ಲರಿಗೂ ಒಂದೊಂದು ಕೊಟ್ಟರು. ಇಮೆಲ್ಡಾ ತಮ್ಮದನ್ನು ಬಸ್ಸಿನಲ್ಲೇ ಬಿಟ್ಟು ಇಳಿದರು.

ಈಗ ಅವರಿಗಿರುವ ಆಸೆ ದೊಡ್ಡದೇನಲ್ಲ. ಒಬ್ಬರಾದರೂ ಮೂಗು ಮುಚ್ಚಿಕೊಳ್ಳದೆ ಇಲಿಕೋಣೆಗೆ ಬಂದು ಒಂದು ಫೋಟೋ ತೆಗೆಯಬೇಕು. ತೊಟ್ಟಿಯ ನೀರಿನ ಸಂಗತಿ ಪತ್ರಿಕೆಯಲ್ಲಿ ಬರೆದರೆ ಹರ್ಷಿಣಿಯೂ ಓದುತ್ತಾಳಲ್ಲ ಎಂದರೆ, ಹೊಟ್ಟಿನ ಗೋಣಿಯನ್ನು ಹೆಗಲಿಗೇರಿಸಿ ನಗುತ್ತಾರೆ.

"ಓದಲಿ ಮಾರಾಯ್ರೆ. ಒಂದು ದಿನವಾದರೂ ಅವಳ ಹೊಟ್ಟೆ ಉರಿಯಲಿ."