ಮೇಲಿನ ಡಬ್ಬಿಯ ಹೋಳಿಗೆ

ಕಳೆದ ವಾರ ರಾಯಚೂರಿನ ನಮ್ಮ ಮನೆಯ ಹಾಲ್‌ನಲ್ಲಿ ಕೂತು ನನ್ನ ದೊಡ್ಡವ್ವನ ಮಗ ಪ್ರಹ್ಲಾದ ಒಂದೂವರೆ ತಾಸು ರೈಲು ಓಡಿಸಿದ. ಮುಂಬೈಯಿಂದ ಮದ್ರಾಸಿಗೆ. ನಡುವೆ ಚಹಾಕ್ಕೆ ಮಾತ್ರ ಹಾಲ್ಟ್.

ಉಗಿ ಎಂಜಿನ್ನಿನ ಮಸಿ ಕಣ್ಣಿಗೆ ಬಿದ್ದದ್ದು, ಹೋಲ್ಡಾಲ್‌ನ ಸುತ್ತಿದ ಹಾಸಿಗೆ ಬಿಚ್ಚಿ ಮಲಗಿದ್ದು, ಮಣ್ಣಿನ ಹೂಜಿಯ ತಣ್ಣನೆ ನೀರು. ಒಂದೂ ಬಿಡಲಿಲ್ಲ ಪುಣ್ಯಾತ್ಮ.

ನನ್ನ ಹೆಂಡತಿ ದೇವದುರ್ಗದವಳು. ಅವರೂರಿಗೆ ಇವತ್ತಿಗೂ ರೈಲಿಲ್ಲ. ಬಾಯಿ ತೆರೆದು ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿ, "ನೀವು ಇಂಥಾದ್ದು ಒಂದರ ಹೇಳೀರೇನ್ರಿ?" ಅಂದಳು.

ಏನು ಹೇಳಲಿ? ನನ್ನ ಹತ್ತಿರ ಇರುವುದು ಪ್ಲಾಟ್‌ಫಾರ್ಮಿನ ನೆನಪು ಮಾತ್ರ. ಹೊಟ್ಟೆ ಉರಿಯಿತು. (ಅರವತ್ತು ದಾಟಿದರೂ ಉರಿಯುತ್ತದೆ. ಡಾಕ್ಟರು ಗ್ಯಾಸ್ ಅನ್ನುತ್ತಾರೆ.)

ನಾವು ಮೂಲ ಮಾನ್ವಿಯವರು. ದೊಡ್ಡವ್ವ, ಅಂದರೆ ಅವ್ವನ ಅಕ್ಕ, ಮುಂಬೈಯಲ್ಲಿದ್ದಳು. ಅವಳ ಅತ್ತೆಮನೆ ಮದ್ರಾಸ್. ಪ್ರತಿ ಬೇಸಿಗೆ ರಜೆಗೆ ಮಕ್ಕಳನ್ನು ಕಟ್ಟಿಕೊಂಡು ರಾಯಚೂರಿನ ಮೇಲೆ ಹಾದುಹೋಗುತ್ತಿದ್ದಳು. ನಮ್ಮ ಮಂದಿ ಮಡಿವಂತರು. ರೈಲಿನಲ್ಲಿ ಮಾರುವುದನ್ನು ಮುಟ್ಟುತ್ತಿರಲಿಲ್ಲ. ಹಾಗಾಗಿ ದಾರಿಯ ಮೇಲಿನ ನೆಂಟರೇ ಬುತ್ತಿ ತಂದು ಗಾಡಿ ನಿಂತಾಗ ಕೊಡಬೇಕು. ಸೋಲಾಪುರದಲ್ಲಿ ಯಾರೋ ಒಬ್ಬರು, ರಾಯಚೂರಿಗೆ ನಾವು.

ಮೊದಲು ಕಾರ್ಡ್ ಬರುತ್ತಿತ್ತು: ಇಂಥ ದಿನ, ಇಂಥ ಗಾಡಿ. ಅಂದು ಅವ್ವ ಬೇಗ ಎದ್ದು ಮಡಿಯಲ್ಲಿ ಅಡುಗೆ ಮಾಡಿ ನಾಲ್ಕು ಡಬ್ಬಿಯ ಕ್ಯಾರಿಯರ್ ತುಂಬುತ್ತಿದ್ದಳು. ಮೊಸರನ್ನ, ಪಲ್ಯ, ಪುರಿ, ಎಲ್ಲಕ್ಕಿಂತ ಮೇಲೆ ಶೇಂಗಾ ಹೋಳಿಗೆ. ಅದನ್ನು ಮಾನ್ವಿಯಿಂದ ಬಸ್ಸಿನಲ್ಲಿ ತರುವುದು ನನ್ನ ಪಾಲು. ಸ್ಟೇಷನ್ನಿನಲ್ಲಿ ಅಕ್ಕತಂಗಿ ಹತ್ತು ನಿಮಿಷ ಕೈ ಹಿಡಿದುಕೊಂಡು ಮಾತಾಡುತ್ತಿದ್ದರು. ಹೋಗುವಾಗೊಮ್ಮೆ, ಬರುವಾಗೊಮ್ಮೆ, ವರ್ಷಕ್ಕೆ ಅಷ್ಟೇ ಅವರ ಭೇಟಿ.

ಪ್ರಹ್ಲಾದ ಕಿಟಕಿಯಲ್ಲಿ ಕೂತು, "ನೀ ಇನ್ನೂ ರೈಲಿನ್ಯಾಗ ಕೂತೇ ಇಲ್ಲೇನಲೇ?" ಅನ್ನುತ್ತಿದ್ದ. ಗಾಡಿ ಹೋದ ಮೇಲೆ ನನಗೆ ಮತ್ತೆ ಅದೇ ಮಾನ್ವಿ ಬಸ್ಸು. ರೈಲೂ ಅವನಿಗೆ, ನಮ್ಮವ್ವನ ಹೋಳಿಗೆಯೂ ಅವನಿಗೆ. ಇದು ಯಾವ ನ್ಯಾಯ?

ಒಂದು ವರ್ಷ ಬಸ್ಸು ಸಿಕ್ಕಾಪಟ್ಟೆ ರಷ್ಷು. ಅವ್ವನಿಗೆ ಮುಂದೆ ಸೀಟು ಸಿಕ್ಕಿತು, ನನಗೆ ಹಿಂದೆ. ಕ್ಯಾರಿಯರ್ ನನ್ನ ತೊಡೆಯ ಮೇಲೆ. ಕಲ್ಲೂರು ದಾಟಿದ ಮೇಲೆ ಮೇಲಿನ ಡಬ್ಬಿ ತೆಗೆದೆ. ಇದ್ದ ಆರರಲ್ಲಿ ಐದು ಹೋಳಿಗೆ ತಿಂದೆ. ಆರನೆಯದು ಇಳಿಯಲಿಲ್ಲ, ಕಿಟಕಿಯಿಂದ ಒಗೆದೆ. ಹಸಿವೆಯೇ? ಮನೆಯಿಂದ ಹೊಟ್ಟೆ ತುಂಬಿಸಿಕೊಂಡೇ ಹೊರಟಿದ್ದೆ. ಮುಚ್ಚಳ ಹಾಕಿ, ಮೊದಲಿನಂತೆ ಡಬ್ಬಿ ಜೋಡಿಸಿಟ್ಟೆ.

ಪ್ಲಾಟ್‌ಫಾರ್ಮಿನಲ್ಲಿ ಅವ್ವ ಅಕ್ಕನಿಗೆ ಹೇಳಿದಳು, "ಮ್ಯಾಲಿನ ಡಬ್ಬ್ಯಾಗ ನಿನಗ ಸೇರ್ತಾವಂತ ಶೇಂಗಾ ಹೋಳಿಗಿ ಇಟ್ಟೀನಿ." ನಾನು ಅವ್ವನ ಬೆನ್ನ ಹಿಂದೆ ಸರಿದೆ. ಅಷ್ಟರಲ್ಲಿ ಗಾಡಿ ಬಿಟ್ಟಿತು. ಬಚಾವಾದೆ ಅಂದುಕೊಂಡೆ.

ಖಾಲಿ ಕ್ಯಾರಿಯರನ್ನು ವಾಪಸು ಬರುವಾಗ ಸ್ಟೇಷನ್ನಿನಲ್ಲೇ ಕೊಡುವುದು ವಾಡಿಕೆ. ಆ ಸಲ ಯಾರದೋ ಕೈಯಲ್ಲಿ ಕಳಿಸಿಕೊಟ್ಟರು. ಮುಂದಿನ ಬೇಸಿಗೆಗೆ ಕಾರ್ಡ್ ಬರಲಿಲ್ಲ. ಅದರ ಮುಂದಿನ ಬೇಸಿಗೆಗೂ ಇಲ್ಲ. ಅವ್ವ ಕಾದು ಕಾದು ಕೊನೆಗೆ, "ಮುಂಬೈ ನೀರು ಕುಡದು ಅಕ್ಕಗ ಸೊಕ್ಕು ಬಂದದ" ಎಂದು ತೀರ್ಮಾನಿಸಿದಳು. ನಾನೂ ಹೌದೆಂದೆ. ಆಮೇಲೆ ಮದುವೆ ಮುಂಜಿಯಲ್ಲಿ ಎದುರಾದರೂ ಅವರ ಮಾತು ಎರಡಕ್ಕೆ ಮುಗಿಯುತ್ತಿತ್ತು.

ಈಗ ಮತ್ತೆ ನಮ್ಮ ಹಾಲ್‌ಗೆ ಬನ್ನಿ. ಅವ್ವ ಮಠಕ್ಕೆ ಹೋಗಿದ್ದಳು. ಅವ್ವನನ್ನು ಮೌಶಿ ಎಂದು ಕರೆಯುವ ಪ್ರಹ್ಲಾದ ದನಿ ತಗ್ಗಿಸಿದ.

"ಮೌಶಿ ಇಲ್ಲಂತ ಹೇಳ್ತೀನಿ. ಒಂದು ವರ್ಷ ತುಂಗಭದ್ರಾ ದಾಟಿದ ಮ್ಯಾಲೆ ಡಬ್ಬಿ ತಗದ್ರ ಮ್ಯಾಲಿಂದು ಖಾಲಿ. ನಮ್ಮವ್ವ ಗುಂತಕಲ್ಲಿನ ತನಕ ಅತ್ಲು. ತಂಗಿ ಮನ್ಯಾಗ ಬೆಲ್ಲಕ್ಕೂ ಗತಿ ಇಲ್ಲ, ಮಾನಕ್ಕಂಜಿ ಖಾಲಿ ಡಬ್ಬಿ ಜೋಡಿಸ್ಯಾಳ, ಇನ್ನ ಆಕಿಗೆ ತ್ರಾಸ ಕೊಡೂದು ಬ್ಯಾಡ, ಕಾರ್ಡ್ ಹಾಕಬ್ಯಾಡ್ರಿ ಅಂದ್ಲು. ಆಮ್ಯಾಲ ರಾಯಚೂರು ಬಂದ್ರ ಆಚಿ ಕಡಿ ಕಿಟಕಿಗೆ ಹೋಗಿ ಕೂಡ್ತಿದ್ಲು."

ನನ್ನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ಆಗ ಮೊದಲು ಏನನ್ನಿಸಿತು ಗೊತ್ತೇ? ಮತ್ತೆ ಹೊಟ್ಟೆಕಿಚ್ಚು. ಎಂಥ ಕಥೆ ಸಿಕ್ಕಿದೆ ಇವನಿಗೆ. ಅದರ ಮುಖ್ಯ ಪಾತ್ರಧಾರಿ ನಾನು, ಚಪ್ಪಾಳೆ ಮಾತ್ರ ಅವನಿಗೆ. ನಾಚಿಕೆ ಆಮೇಲೆ ಬಂತು. ಬಂದದ್ದು ಇನ್ನೂ ಹೋಗಿಲ್ಲ.

ಅಷ್ಟರಲ್ಲಿ ಅವ್ವ ಬಂದಳು. ಪ್ರಹ್ಲಾದ ಕಾಲಿಗೆ ಬಿದ್ದ.

"ನಿಮ್ಮವ್ವ ಹ್ಯಾಂಗಿದ್ದಾಳ? ಸೊಕ್ಕು ಇಳದದೇನು?"

"ಆರಾಮಿದ್ದಾಳ ಮೌಶಿ," ಎಂದು ಅವನು ನಕ್ಕ. ತಂಗಿಯ ಮಾನ ಕಾಯಬೇಕೆಂದು ದೊಡ್ಡವ್ವ ಅವನಿಗೂ ತಾಕೀತು ಮಾಡಿರಬೇಕು.

ಮುಂಬೈಯಲ್ಲಿರುವ ದೊಡ್ಡವ್ವನಿಗೆ ತೊಂಬತ್ತರ ಹತ್ತಿರ, ಅವ್ವನಿಗೆ ಎಂಬತ್ತೈದು. ಎದುರು ನಿಂತು ಹೇಳಲು ನನಗೆ ಬಾಯಿ ಬರಲಿಲ್ಲ. ನೀವೆಲ್ಲ ಈ ಅಂಕಣ ಓದುತ್ತೀರೋ ಇಲ್ಲವೋ ಗೊತ್ತಿಲ್ಲ, ಅವ್ವ ಮಾತ್ರ ಒಂದು ವಾರವೂ ಬಿಟ್ಟವಳಲ್ಲ.

ಯವ್ವಾ, ದೊಡ್ಡವ್ವಗ ಫೋನ್ ಹಚ್ಚಿ ಕೊಡ್ತೀನಿ, ಮೊದಲ ನನಗ ಎಷ್ಟರ ಬೈ, ಆಮ್ಯಾಲ ಆಕಿ ಜೋಡಿ ಹತ್ತು ನಿಮಿಷಕ್ಕಿಂತ ಜಾಸ್ತಿ ಮಾತಾಡು.